ಹನ್ನೆರಡು ದಿನ ತಡವಾದ ಗಾಡಿ

"ಒಂದು ತಿಂಗಳಲ್ಲಿ ಆಗಬೇಕು."

ಲಾರಿಯ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತಿದ್ದವಳಿಗೆ ಮೊದಲು ಕಂಡದ್ದು ಎರಡು ಬೂಟುಗಳು. ಮಣ್ಣು ಮೆತ್ತಿದ್ದವು. ಒಂದರ ಲೇಸು ಬಿಚ್ಚಿಹೋಗಿತ್ತು.

"ಏನು ಆಗಬೇಕು?" ಎಂದಳು ಅಲ್ಲಿಂದಲೇ.

"ನನ್ನ ಜೀಪು. ನಾಲ್ಕು ಜನ ಮಲಗೋ ಹಾಗೆ, ಒಳಗೇ ಅಡುಗೆ ಮಾಡ್ಕೊಳ್ಳೋ ಹಾಗೆ ಮಾಡ್ಬೇಕು. ರಸ್ತೆ ಇಲ್ಲದ ಕಡೆ ಹೋಗೋದಿದೆ."

"ಎರಡು ತಿಂಗಳಾಗುತ್ತೆ."

"ಒಂದು ತಿಂಗಳು."

ಯಾರಪ್ಪಾ ಇವನು...! ಅವಳು ಸರ್ರನೆ ಹೊರಗೆ ಜಾರಿದಳು. ಕೆನ್ನೆಗೆ ಗ್ರೀಸ್ ಮೆತ್ತಿತ್ತು, ಕೋಪವಂತೂ ಮೂಗಿನ ತುದಿಯಲ್ಲೇ ಇತ್ತು.

"ಏನ್ ಸಾರ್, ಪಂಕ್ಚರ್ ಹಾಕೋ ಕೆಲಸ ಅಂದ್ಕೊಂಡ್ರಾ? ಹಿಂದಿನ ಸೀಟೆಲ್ಲ ಕೀಳಬೇಕು, ಹಾಸಿಗೆ ಕೂರಿಸಬೇಕು, ನೀರಿನ ಟ್ಯಾಂಕು, ಎರಡನೇ ಬ್ಯಾಟರಿ, ಒಲೆ, ಮೇಲೊಂದು ಟೆಂಟು..."

"ನಾನೂ ಜೊತೆಗೆ ಕೆಲಸ ಮಾಡ್ತೀನಿ. ಸಂಜೆ ಹೊತ್ತು, ರಜೆ ದಿನ ಎಲ್ಲ. ನೀವು ಹೇಳಿದ್ದು ಮಾಡ್ತೀನಿ." ಅವನು ತಡೆದ. "ದಯವಿಟ್ಟು..."

ಆ ಮಾತು ಬಂದ ರೀತಿಗೆ ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಅವನ ಕಣ್ಣುಗಳು ಸರಿಯಾಗಿ ನಿದ್ದೆ ಕಂಡು ವಾರಗಳೇ ಆದಂತಿದ್ದವು. ಜಗಳಕ್ಕೆಂದು ಎದ್ದವಳು, "ಸರಿ, ಬಿಟ್ಟುಹೋಗಿ," ಎಂದುಬಿಟ್ಟಳು.

ಆಮೇಲೆ ತನ್ನನ್ನೇ ತಾನು ಬೈದುಕೊಂಡಳು ಅನ್ನಿ!

ಆ ಗಾಡಿ ರಿಪೇರಿ ಶೆಡ್ಡು ಅವಳ ಅಪ್ಪ ಕಟ್ಟಿದ್ದು. ಊರಿನವರಿಗೆ ಅಪ್ಪ ಮೇಸ್ತ್ರಿ, ಇವಳು ಪುಟ್ಟ ಮೇಸ್ತ್ರಿ. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಬಾಯಿಂದಲೇ ಕೆಲಸ ಮಾಡಿಸುತ್ತಿದ್ದರು. ಅವಳಿಗೆ ಮೂವತ್ತೊಂದು ವರ್ಷ. ಒಮ್ಮೆ ಮದುವೆಯ ಮಾತು ಬಂದು, "ಗ್ರೀಸ್ ಕೈಯ ಸೊಸೆ ನಮಗೆ ಬೇಡ" ಎಂದು ಹುಡುಗನ ಕಡೆಯವರು ಎದ್ದು ಹೋಗಿದ್ದರು. ಅಂದಿನಿಂದ ಅವಳು ಆ ಕಡೆ ತಲೆಯೇ ಹಾಕಿರಲಿಲ್ಲ.

ಬೂಟಿನವನು ಸರ್ವೆಯರ್. ಕಾಡುಮೇಡು ಅಲೆದು ನೆಲ ಅಳೆಯುವ ಕೆಲಸ. ಮರುದಿನವೇ ಒಂದು ಚೀಟಿ ತಂದುಕೊಟ್ಟ. ಮಲಗುವ ನಾಲ್ವರ ಎತ್ತರವನ್ನು ಅಂಗುಲ ತಪ್ಪದೆ ಬರೆದಿದ್ದ. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರು ಹೆಣ್ಣುಮಕ್ಕಳು. ಹೆಂಗಸು ಮತ್ತು ಮಕ್ಕಳು ಒಳಗಿನ ಹಾಸಿಗೆಯಲ್ಲಿ, ತಾನು ಮೇಲಿನ ಟೆಂಟಿನಲ್ಲಿ.

"ಹೆಂಡ್ತಿ ಮಕ್ಕಳು ಒಳಗೆ, ತಾನೊಬ್ಬ ಮೇಲೆ! ಗೊರಕೆ ಹೊಡೀತಾನೇನೋ," ಎಂದು ಅಪ್ಪ ನಕ್ಕರು.

ಅವಳೂ ನಕ್ಕಳು. ಆಗ ಇನ್ನೂ ಅವಳಿಗೆ ನಗುವುದು ಸುಲಭವಿತ್ತು.

ಅವನು ಮಾತಿಗೆ ತಪ್ಪಲಿಲ್ಲ. ಸಂಜೆಯಾದರೆ ತೋಳು ಮಡಚಿಕೊಂಡು ಬಂದುಬಿಡುತ್ತಿದ್ದ. ಹಲಗೆ ಹಿಡಿ ಎಂದರೆ ಹಿಡಿಯುತ್ತಿದ್ದ, ಉಜ್ಜು ಎಂದರೆ ಉಜ್ಜುತ್ತಿದ್ದ. ಒಮ್ಮೆ ಅವಳ ಬೆರಳಿಗೆ ತಗಡು ತಾಗಿ ರಕ್ತ ಬಂದಾಗ ಅವನು ಬಟ್ಟೆ ಹರಿದು ಕಟ್ಟಿದ. ಹಾಗೆ ಕಟ್ಟುವುದು ಅವನಿಗೆ ಅಭ್ಯಾಸವಾಗಿಹೋದಂತಿತ್ತು.

"ಇಷ್ಟೆಲ್ಲ ಕಷ್ಟಪಟ್ಟು ಎಲ್ಲಿಗೆ ಹೊರಟಿದೀರಾ?" ಎಂದು ಒಂದು ದಿನ ಕೇಳಿದಳು.

"ಒಂದು ಕೆರೆ ಇದೆ. ಬೆಟ್ಟದ ಹಿಂದೆ. ಸರ್ವೆಗೆ ಹೋದಾಗ ನೋಡಿದ್ದು. ಕೊನೇ ಏಳು ಕಿಲೋಮೀಟರ್ ಬರೀ ಕಲ್ಲು, ಎರಡು ಹಳ್ಳ. ಬೆಳಗಾಗುವಾಗ ನೀರಿಂದ ಹೊಗೆ ಏಳುತ್ತೆ. ಅವಳಿಗೆ ಫೋನಲ್ಲಿ ಹೇಳ್ತಿದ್ದೆ. ಒಂದ್ಸಲ ಕರ್ಕೊಂಡು ಹೋಗೋ ಅಂತ ಎಷ್ಟು ವರ್ಷದಿಂದ ಕೇಳ್ತಿದ್ದಾಳೆ..." ಅವನ ಧ್ವನಿ ಇಳಿಯಿತು. "ನಾನೇ ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ದೆ."

ಅವಳು ಎಂದರೆ ಯಾರು ಎಂದು ಪುಟ್ಟ ಮೇಸ್ತ್ರಿ ಕೇಳಲಿಲ್ಲ. ಕೇಳುವುದೇನಿದೆ? ಹೆಂಡತಿಯನ್ನು ಇಷ್ಟು ಪ್ರೀತಿಸುವ ಗಂಡಸೂ ಇರುತ್ತಾನೆಯೇ ಎಂದುಕೊಂಡಳು. ಆಮೇಲೆ ಎದೆಯಲ್ಲಿ ಏನೋ ಚುಚ್ಚಿತು.

*ಛೀ! ಮಕ್ಕಳೊಂದಿಗ ಅವನು. ನನಗೇನಾಗಿದೆ?*

ಆದರೆ ಸಂಜೆಯಾಗುತ್ತಲೇ ಕಿವಿ ಗೇಟಿನ ಕಡೆಗೇ ಇರುತ್ತಿತ್ತು. ಮನಸ್ಸಿಗೆ ಬುದ್ಧಿ ಹೇಳಿ ಗೆದ್ದವರು ಯಾರಿದ್ದಾರೆ?

ಮೇಸ್ತ್ರಿಯ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಗಾಡಿಯಲ್ಲಿ ಯಾರು ಯಾರು ಮಲಗುತ್ತಾರೋ ಅವರೆಲ್ಲ ಬಂದು ಶೆಡ್ಡಿನ ನೆಲದ ಮೇಲೆ ಮಲಗಬೇಕು. ಅವರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೇಲೆಯೇ ಹಲಗೆಗೆ ಗರಗಸ.

"ಚೀಟೀಲಿ ಬರೀ ಎತ್ತರ ಇರುತ್ತೆ ಕಣೇ," ಎನ್ನುತ್ತಿದ್ದರು ಅಪ್ಪ. "ಮನುಷ್ಯ ಹೇಗೆ ಮಲಗ್ತಾನೆ, ಹೇಗೆ ಏಳ್ತಾನೆ, ಅದು ಕಣ್ಣಲ್ಲೇ ನೋಡ್ಬೇಕು."

ಹಲಗೆ ಕತ್ತರಿಸುವ ಹಿಂದಿನ ದಿನ ಅಪ್ಪ ನೆನಪಿಸಿದರು. "ಅವರ ಮನೆಯವರನ್ನೆಲ್ಲ ಕರ್ಕೊಂಡು ಬರೋಕೆ ಹೇಳಿದ್ಯಾ?"

ಅವಳ ಕೈ ನಿಂತಿತು. ಆ ಹೆಂಗಸು ಇಲ್ಲಿಗೆ ಬರುತ್ತಾಳೆ. ತನ್ನೆದುರು ಮಲಗುತ್ತಾಳೆ. ಅವಳ ಸುತ್ತ ತಾನು ಮಂಡಿಯೂರಿ ಗೆರೆ ಎಳೆಯಬೇಕು. ಅವನು ಪಕ್ಕದಲ್ಲಿ ನಿಂತು ಅವಳನ್ನು ನೋಡುತ್ತಿರುತ್ತಾನೆ...

"ಚೀಟಿ ಇದೆಯಲ್ಲಪ್ಪಾ. ಸರ್ವೆಯರ್ ಕೊಟ್ಟ ಅಳತೆ. ಅದರಲ್ಲೇನು ತಪ್ಪಿರುತ್ತೆ?"

ಅಪ್ಪ ಅವಳ ಮುಖವನ್ನೇ ನೋಡಿದರು. "ನಿನ್ನಿಷ್ಟ," ಎಂದರು.

ಅಷ್ಟೇ. ಹೊಟ್ಟೆಕಿಚ್ಚು ಒಂದು ಸಣ್ಣ ಮಾತಾಡಿತು, ಪದ್ಧತಿ ಮುರಿಯಿತು.

ಇಪ್ಪತ್ತೆಂಟನೇ ದಿನಕ್ಕೆ ಗಾಡಿ ಮುಗಿಯಿತು. ಎಷ್ಟು ಚೆನ್ನಾಗಿತ್ತು ಅಂತೀರಿ! ಕಲ್ಲುದಾರಿಯಲ್ಲಿ ಭಾರ ಮಧ್ಯದಲ್ಲಿರಲೆಂದು ನೀರಿನ ಟ್ಯಾಂಕು, ಬ್ಯಾಟರಿಗಳು, ಪಾತ್ರೆಯ ಡ್ರಾಯರುಗಳನ್ನೆಲ್ಲ ಒಳಗೆ ಕೂರಿಸಿ, ಅವುಗಳ ಮೇಲೆ ಹಾಸಿಗೆ ಹಾಕಿದ್ದಳು. ಹಾಸಿಗೆ ನೆಲದಿಂದ ಎದೆಯೆತ್ತರ. ಹಿಂದೆ ಎರಡು ಮೆಟ್ಟಿಲು. ಯಾರು ಬೇಕಾದರೂ ಹತ್ತಬಹುದು.

ಯಾರು ಬೇಕಾದರೂ ಎಂದರೆ, ಕಾಲು ಗಟ್ಟಿ ಇರುವವರು.

ಅಂದು ಮಧ್ಯಾಹ್ನ ಒಂದು ಕಾರು ಬಂದು ನಿಂತಿತು. ಅವನು ಇಳಿದು ಹಿಂದಿನ ಬಾಗಿಲು ತೆರೆದು ಕೈ ಚಾಚಿದ. ಆ ಕೈ ಹಿಡಿದು ಒಬ್ಬ ಹೆಂಗಸು ಇಳಿದಳು. ಇಳಿಯಲು ಎಷ್ಟೋ ಹೊತ್ತಾಯಿತು. ತಲೆಗೆ ಬಟ್ಟೆ ಕಟ್ಟಿದ್ದಳು. ಹುಬ್ಬು ಕೂಡ ಇರಲಿಲ್ಲ.

ಅವಳ ಹಿಂದಿನಿಂದ ಚಿಕ್ಕ ಹುಡುಗಿಯೊಂದು ಓಡಿಬಂತು. "ಮಾಮಾ! ಮಾಮಾ! ನಮ್ಮ ಗಾಡಿ ಇದೇನಾ?"

ಮಾಮ...!

ಪುಟ್ಟ ಮೇಸ್ತ್ರಿಯ ಕೈಯಿಂದ ಸ್ಪ್ಯಾನರು ಜಾರಿ ನೆಲಕ್ಕೆ ಬಿತ್ತು. ಹೆಂಡತಿಯಲ್ಲ. ಅಕ್ಕ.

ಮೊದಲು ಬಂದದ್ದು ಸಂತೋಷ. ಹೌದು, ನಾಚಿಕೆಯಿಲ್ಲದ ಸಂತೋಷ! ಅದು ಉಳಿದದ್ದು ಒಂದೇ ಒಂದು ನಿಮಿಷ.

ಅಕ್ಕ ಗಾಡಿಯ ಹಿಂದೆ ಬಂದು ಮೊದಲ ಮೆಟ್ಟಿಲಿಗೆ ಕಾಲೆತ್ತಲು ನೋಡಿದಳು. ಕಾಲು ಏಳಲಿಲ್ಲ. ಇನ್ನೊಮ್ಮೆ ನೋಡಿದಳು. ಅವನು ಬಂದು ಸೊಂಟ ಹಿಡಿದು ಎತ್ತಿದ. ಅವಳ ಬಾಯಿಂದ ಬಂದ ನೋವಿನ ಸದ್ದಿಗೆ ಮಕ್ಕಳಿಬ್ಬರೂ ಕಿವಿ ಮುಚ್ಚಿಕೊಂಡರು.

"ಇಳಿಸೋ ತಮ್ಮಾ... ಇಳಿಸು, ಆಗಲ್ಲ."

ಉಸಿರು ಸುಧಾರಿಸಿಕೊಂಡು ಅವಳು ಪುಟ್ಟ ಮೇಸ್ತ್ರಿಯ ಕಡೆ ತಿರುಗಿ ನಕ್ಕಳು. "ಬೇಜಾರು ಮಾಡ್ಕೋಬೇಡಮ್ಮ. ಗಾಡಿ ಅರಮನೆ ಥರ ಇದೆ. ಹತ್ತೋ ಯೋಗ್ಯತೆ ನನ್ನ ಕಾಲಿಗಿಲ್ಲ ಅಷ್ಟೇ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ನೀವು ಯಾಕೆ ಹೇಳ್ಲಿಲ್ಲ?" ಶೆಡ್ಡಿನ ಹಿಂದೆ ಅವನನ್ನು ನಿಲ್ಲಿಸಿಕೊಂಡು ಕೇಳಿದಳು.

"ಯಾರ ಹತ್ರಾನೂ ಹೇಳಬೇಡ, ನನಗೆ ಯಾರ ಕನಿಕರವೂ ಬೇಡ ಅಂದಿದ್ದಳು ಅಕ್ಕ. ನನಗೂ... ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೇನೋ ಅನ್ನೋ ಭಯ. ಭಾವ ಹೋದ ಮೇಲೆ ಅವಳಿಗೂ ಮಕ್ಕಳಿಗೂ ಇರೋದು ನಾನೊಬ್ಬನೇ. ಕಾಯಿಲೆ ಮೂಳೆಗೆ ಇಳಿದಿದೆ. ಒಂದು ತಿಂಗಳೊಳಗೆ ನಿಧಾನವಾಗಿ ಹೋಗಿಬನ್ನಿ, ಆಮೇಲೆ ಆಗಲ್ಲ ಅಂದಿದ್ರು ಡಾಕ್ಟರು."

"ನಾನು ಹಾಸಿಗೆ ಇಳಿಸಿಕೊಡ್ತೀನಿ. ಮೊಣಕಾಲೆತ್ತರಕ್ಕೆ."

"ಎಷ್ಟು ದಿನ?"

ಟ್ಯಾಂಕನ್ನು ಗಾಡಿಯ ಹೊಟ್ಟೆಯಡಿಗೆ ಹಾಕಬೇಕು. ಕಲ್ಲು ತಾಗದಂತೆ ಅದಕ್ಕೆ ದಪ್ಪ ತಗಡು ಹೊಡೆಯಬೇಕು. ಬ್ಯಾಟರಿಗೆ ಬೇರೆ ಜಾಗ, ಡ್ರಾಯರೆಲ್ಲ ಹೊಸದು. ಊಟ ನಿದ್ದೆ ಬಿಟ್ಟು ಮಾಡಿದರೂ...

"ಹನ್ನೆರಡು."

ಅವನು ಕಣ್ಣು ಮುಚ್ಚಿಕೊಂಡ.

ಹನ್ನೆರಡೇ ದಿನದಲ್ಲಿ ಮುಗಿಸಿದಳು. ಅಪ್ಪ ಕೂಡ ಕುರ್ಚಿ ಬಿಟ್ಟು, ಕುಂಟುತ್ತಾ ಬಂದು ತಗಡು ಹಿಡಿದರು. ಮಗಳನ್ನು ಒಂದು ಮಾತೂ ಬೈಯಲಿಲ್ಲ. ಹದಿಮೂರನೇ ದಿನ ಬೆಳಿಗ್ಗೆ ಗಾಡಿಯನ್ನು ಅವಳೇ ಓಡಿಸಿಕೊಂಡು ಅವರ ಮನೆಯ ಬೀದಿಗೆ ಹೋದಳು.

ಬಾಗಿಲಲ್ಲಿ ನಿಂತಿದ್ದ ಅವನ ಮುಖ ನೋಡಿಯೇ ಗೊತ್ತಾಯಿತು.

"ನಿನ್ನೆ ಡಾಕ್ಟರು ಬಂದಿದ್ರು," ಎಂದ. "ಇನ್ನು ಬೀದಿ ಕೊನೆವರೆಗೂ ಕರ್ಕೊಂಡು ಹೋಗೋದು ಬೇಡ ಅಂದ್ರು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆದರೂ ಅಕ್ಕ ಹಟ ಹಿಡಿದಳು. ಗಾಡಿ ಅಲ್ಲಾಡದಿದ್ದರೆ ಸರಿ ತಾನೇ? ಮನೆಯ ಮುಂದೆಯೇ ನಿಂತ ಗಾಡಿಯ ಅಂಚಿನಲ್ಲಿ ಕೂತು, ಮೆಲ್ಲಗೆ ಹಿಂದಕ್ಕೆ ಒರಗಿ, ಯಾರೂ ಎತ್ತದೆ ತಾನೇ ಮಲಗಿದಳು. ಮಕ್ಕಳು ಆಚೆಗೊಬ್ಬಳು ಈಚೆಗೊಬ್ಬಳು. ತೆರೆದ ಹಿಂಬಾಗಿಲಿನಿಂದ ಕಾಣುತ್ತಿದ್ದದ್ದು ಎದುರುಮನೆಯ ಗೋಡೆ, ಒಂದು ನಲ್ಲಿ, ಒಣಹಾಕಿದ ಬಟ್ಟೆ.

"ಅಮ್ಮಾ, ಕೆರೆ ಎಲ್ಲಿ?" ಎಂದಳು ಚಿಕ್ಕವಳು.

"ಆ ಗೋಡೇನೇ ಕೆರೆ ಅಂದ್ಕೋ ಚಿನ್ನಾ. ಬೆಳಿಗ್ಗೆ ಅದರಿಂದ ಹೊಗೆ ಏಳುತ್ತಂತೆ."

ದೊಡ್ಡವಳು ಅಮ್ಮನ ಕೈ ಹಿಡಿದುಕೊಂಡಳು. ಅವಳಿಗೆ ಒಂಬತ್ತು ವರ್ಷ, ಎಲ್ಲ ಗೊತ್ತಿತ್ತು. ಅವನು ಎದ್ದು ಮನೆಯೊಳಗೆ ಹೋದ.

ಮಕ್ಕಳಿಗೆ ನಿದ್ದೆ ಹತ್ತಿದ ಮೇಲೆ ಅಕ್ಕ ಪುಟ್ಟ ಮೇಸ್ತ್ರಿಯನ್ನು ಹತ್ತಿರ ಕರೆದಳು. "ಒಂದು ಮಾತು ಕೇಳ್ಲಾ? ಅವತ್ತು ಚಿಕ್ಕವಳು ಮಾಮಾ ಅಂದಾಗ ನಿನ್ನ ಮುಖ ನೋಡಿದೆ. ನನ್ನನ್ನ ಅವನ ಹೆಂಡ್ತಿ ಅಂದ್ಕೊಂಡಿದ್ಯಾ?"

ಅವಳು ತಲೆ ತಗ್ಗಿಸಿದಳು. ಅಕ್ಕ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯೋ ರಾಮ! ಈ ಪೆದ್ದನಿಗೆ ಹೆಂಡ್ತೀನಾ? ಊರೆಲ್ಲ ಅಳೀತಾನೆ, ಎದುರಿಗಿರೋರ ಮನಸ್ಸು ಮಾತ್ರ ತಿಳಿಯಲ್ಲ. ನೀನೇ ಹೇಳ್ಬೇಕಮ್ಮ ಅವನಿಗೆ."

*ಅಕ್ಕಾ, ನಾನು ಬೇಕಂತಲೇ ನಿಮ್ಮನ್ನ ಕರೆಸಲಿಲ್ಲ... ಕರೆಸಿದ್ರೆ ಈ ಹೊತ್ತಿಗೆ ನೀವು ಕೆರೆ ನೋಡಿ ಬಂದಿರ್ತಿದ್ರಿ...* ಹೇಳಲೆಂದು ಬಾಗಿದಳು. ಅಕ್ಕನ ಕಣ್ಣು ಮುಚ್ಚಿತ್ತು. ನಾಳೆ ಹೇಳೋಣ ಎಂದುಕೊಂಡಳು.

ಒಂಬತ್ತು ದಿನಕ್ಕೆ ಅಕ್ಕ ಹೋಗಿಬಿಟ್ಟಳು. ಆ ನಾಳೆ ಬರಲೇ ಇಲ್ಲ.

ಮೂರು ತಿಂಗಳು ಅವಳು ಆ ಬೀದಿಯ ಕಡೆ ಮುಖ ಹಾಕಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂದವರ ಪಾಡು ಇಷ್ಟೇ. ಗಾಡಿಗಳು ಬಂದವು, ಹೋದವು. ಊಟ ಸೇರುತ್ತಿರಲಿಲ್ಲ.

"ಹೋಗಿ ಹೇಳಿಬಿಡು," ಎಂದರು ಅಪ್ಪ ಒಂದು ಬೆಳಿಗ್ಗೆ. "ಬೈದ್ರೆ ಬೈಸ್ಕೊಂಡು ಬಾ. ಒಳಗೇ ಇಟ್ಕೊಂಡ್ರೆ ಹುಣ್ಣಾಗುತ್ತೆ."

ಅವನು ಮನೆಯ ಮುಂದೆಯೇ ಇದ್ದ. ಗಾಡಿ ಅದೇ ಜಾಗದಲ್ಲಿ ಧೂಳು ಹಿಡಿದು ನಿಂತಿತ್ತು. ಅವಳನ್ನು ಕಂಡು ಅವನ ಮುಖ ಅರಳಿತು. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ನಾನು ಹೇಳೋದು ಪೂರ್ತಿ ಕೇಳಿ," ಎಂದು ಒಂದೇ ಉಸಿರಿಗೆ ಹೇಳಿದಳು. "ಹಲಗೆ ಕತ್ತರಿಸೋ ಮುಂಚೆ ಮಲಗೋರನ್ನೆಲ್ಲ ಕರೆಸಿ ನೋಡೋದು ನಮ್ಮ ಪದ್ಧತಿ. ನಾನು ಕರೆಸಲಿಲ್ಲ. ಮರೆತು ಅಲ್ಲ. ಅವರನ್ನ ನಿಮ್ಮ ಹೆಂಡ್ತಿ ಅಂದ್ಕೊಂಡಿದ್ದೆ... ಅವರ ಮುಖ ನೋಡೋಕೆ ನನಗೆ ಹೊಟ್ಟೆಕಿಚ್ಚು. ಅವತ್ತೇ ನೋಡಿದ್ರೆ ಹಾಸಿಗೆ ಮೊದಲೇ ಕೆಳಗಿರ್ತಿತ್ತು. ಆ ಹನ್ನೆರಡು ದಿನ ಉಳೀತಿತ್ತು. ಅಕ್ಕ ಕೆರೆ ನೋಡದೆ ಹೋಗಿದ್ದು ನನ್ನಿಂದ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅವಳು ಬಾಗಿಲು ಬಡಿಯಲಿಲ್ಲ. ದಾರಿಯುದ್ದಕ್ಕೂ ಅಳುತ್ತಾ ಬಂದಳು. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಏನೂ ಹಗುರಾಗಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಜೀಪು ಬಂದು ನಿಂತಿತು. ಯಾರೋ ಗಾಡಿಯನ್ನು ತಿಕ್ಕಿ ತೊಳೆದಿದ್ದರು. ಒಳಗಿನಿಂದ ಎರಡು ಪುಟ್ಟ ತಲೆಗಳು ಇಣುಕುತ್ತಿದ್ದವು.

ಅವನು ಇಳಿದು ಬಂದು ಅವಳೆದುರು ನಿಂತ. ಗಡ್ಡ ಬೆಳೆದಿತ್ತು.

"ತುಂಬಾ ಕೋಪ ಬಂದಿತ್ತು," ಎಂದ. "ನಾಲ್ಕು ದಿನ ನಿಮ್ಮ ಮೇಲೆ. ಆಮೇಲೆ ನಾಲ್ಕು ದಿನ ನನ್ನ ಮೇಲೆ. ಚೀಟಿ ಕೊಡೋವಾಗ, ಅಕ್ಕನಿಗೆ ಹುಷಾರಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ದಿನಾ ಸಂಜೆ ನಿಮ್ಮ ಪಕ್ಕದಲ್ಲೇ ಇದ್ದೆ. ಹೇಳ್ಲಿಲ್ಲ."

"ಆದ್ರೂ ತಪ್ಪು ನನ್ನದು..."

"ಹನ್ನೆರಡರಲ್ಲಿ ಆರು ನಿಮ್ಮದು. ಆರು ನನ್ನದು. ಪೂರ್ತಿ ನೀವೊಬ್ಬರೇ ಹೊತ್ಕೋಬೇಡಿ."

ಅವಳು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಕುರ್ಚಿಯಲ್ಲಿದ್ದ ಅಪ್ಪನಿಗೆ ಇದ್ದಕ್ಕಿದ್ದಂತೆ ಶೆಡ್ಡಿನ ಒಳಗೆ ಏನೋ ಕೆಲಸ ನೆನಪಾಯಿತು.

"ಮಕ್ಕಳು ಕೆರೆ ನೋಡಬೇಕಂತೆ," ಎಂದ ಅವನು. "ದೊಡ್ಡವಳು ಮೂರು ತಿಂಗಳಿಂದ ಏನೂ ಕೇಳಿರಲಿಲ್ಲ. ನಿನ್ನೆ ಇದೊಂದು ಕೇಳಿದ್ಲು. ನೀವೂ ಬರ್ತೀರಾ?"

"ನಾನು ಅಕ್ಕನ ಜಾಗದಲ್ಲಿ ಮಲಗಲ್ಲ."

"ಬೇಡ. ಅದು ಅವಳದ್ದೇ. ನೀವು ಮೇಲೆ ಟೆಂಟಲ್ಲಿ ಮಲಗಿ, ನಾನು ಮುಂದಿನ ಸೀಟಲ್ಲಿ ಒರಗ್ತೀನಿ." ಅವನು ಬೂಟನ್ನೇ ನೋಡುತ್ತಾ ನಿಂತ. "ಅವತ್ತು ಹೊಟ್ಟೆಕಿಚ್ಚು ಅಂದ್ರಿ. ಯಾಕೆ ಅಂತ ಹೇಳ್ಲಿಲ್ಲ."

"ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ?"

"ಹೇಳಿ. ನಾವಿಬ್ಬರೂ ಹೇಳದೆ ಕಳ್ಕೊಂಡಿದ್ದು ಸಾಕು."

"ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಬೆರಳಿಗೆ ಬಟ್ಟೆ ಕಟ್ಟಿದ್ರಲ್ಲ, ಅವತ್ತಿಂದ."

"ನನಗೆ ನೀವು ಲಾರಿ ಅಡಿಯಿಂದ ಬಂದು ಬೈದಿದ್ರಲ್ಲ, ಅವತ್ತಿಂದ," ಎಂದ ಅವನು. ನಗಲು ಹೋದ. ನಗು ಬರಲಿಲ್ಲ, ಕಣ್ಣು ತುಂಬಿತು. ಗ್ರೀಸ್ ಮೆತ್ತಿದ್ದ ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಅಲ್ಲಿಗೆ ಹೋದ್ರೆ ನನಗೆ ಅಳು ತಡೆಯೋಕಾಗಲ್ಲ," ಎಂದಳು ಅವಳು.

"ನನಗೂ ಆಗಲ್ಲ. ಮಕ್ಕಳು ಮಲಗೋವರೆಗೂ ತಡ್ಕೊಳ್ಳೋಣ... ಆಮೇಲೆ ಇಬ್ಬರೂ ಅಳೋಣ."