ಖಾಲಿ ಚಾಪೆಯ ಸಿಳ್ಳೆ

ಕೊಣನೂರಿನಲ್ಲಿ ಪಂಚಾಕ್ಷರಯ್ಯ ಮೇಷ್ಟ್ರು ದಿನಾ ಬೆಳಿಗ್ಗೆ ನಮಗೆ ಪ್ರಾಣಾಯಾಮ ಹೇಳಿಕೊಡುತ್ತಾರೆ. ನನಗೆ ಮೂವತ್ತು ವರ್ಷದಿಂದ ಉಬ್ಬಸ. ಎದೆಯೊಳಗೆ ಸದಾ ಒಂದು ಸಿಳ್ಳೆ.

"ಲಕ್ಕಮ್ಮ, ನೀನು ಉಸ್ರು ಕಟ್ಟಬ್ಯಾಡ ಕಣವ್ವ. ಸುಮ್ನೆ ಎಳ್ದು ಬಿಡು," ಎಂದು ಮೊದಲ ದಿನವೇ ಹೇಳಿದ್ದರು. ಉಳಿದವರೆಲ್ಲ ಉಸಿರು ಹಿಡಿದು ಕೂತಾಗ ನನ್ನ ಸಿಳ್ಳೆಯೊಂದೇ ಕೇಳುತ್ತಿತ್ತು. ಪಕ್ಕದ ಶಾಂತಕುಮಾರಿ, "ನಿನ್ ಕುಕ್ಕರ್ ಇಳ್ಸಮ್ಮೋ," ಎಂದು ನಗುತ್ತಿದ್ದಳು.

ನಾಚಿಕೆಯಾಗಿ ಒಂದು ದಿನ ನಾನೂ ಮೂಗು ಒತ್ತಿ ಉಸಿರು ಕಟ್ಟಿಬಿಟ್ಟೆ. ಆದರೂ ಸಿಳ್ಳೆ ನಿಲ್ಲಲಿಲ್ಲ. ಅದು ನನ್ನ ಎದೆಯಲ್ಲಿರಲಿಲ್ಲ, ಹಿಂದೆ ಬಾಗಿಲ ಬಳಿ ಹಾಸಿದ್ದ ಖಾಲಿ ಚಾಪೆಯ ಕಡೆಯಿಂದ ಬರುತ್ತಿತ್ತು. ಕುತ್ತಿಗೆಗೆ ತಣ್ಣನೆಯ ಗಾಳಿ ಬಿಟ್ಟುಬಿಟ್ಟು ತಾಗಿತು. ಬಾಗಿಲು ಮುಚ್ಚಿತ್ತು.

ಅಂದಿನಿಂದ ನನಗೆ ಉಬ್ಬಸವಿಲ್ಲ. ಎದೆ ಪರೀಕ್ಷಿಸಿದ ಡಾಕ್ಟರು ಔಷಧಿ ನಿಲ್ಲಿಸಿದರು. ಸಂತೋಷಪಡಬೇಕೋ ಬೇಡವೋ ತಿಳಿಯುತ್ತಿಲ್ಲ. ಮೇಷ್ಟ್ರು ಈಗ ಯಾರಿಂದಲೂ ಉಸಿರು ಕಟ್ಟಿಸುವುದಿಲ್ಲ. ಯಾಕೆಂದು ಕೇಳಿದೆ.

"ನೀವೆಲ್ಲ ಉಸ್ರು ಕಟ್ಟಿದಾಗ್ಲೆಲ್ಲ ಒಂದು ಸಿಳ್ಳೆ ಕೇಳ್ತದೆ ಕಣವ್ವ. ಒಂದೊಂದೇ ಚಾಪೆ ದಾಟ್ಕಂಡು ನನ್ ಕಡೀಗೇ ಬತ್ತಾ ಅದೆ," ಎಂದರು.

ಅದು ನನ್ನದು ಎಂದು ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.