ಹಿಂದಿನಿಂದ ಬಂದ ಉತ್ತರ

ಮರಳುಗಾಡಿನ ದೂರದ ಓಟದ ಸ್ಪರ್ಧೆಯಲ್ಲಿ ನಮ್ಮಂಥ ಹವ್ಯಾಸಿಗಳು ಮುಂದಿನವರ ಹೆಜ್ಜೆಗುರುತಿನಲ್ಲೇ ಕಾಲಿಡುತ್ತೇವೆ. ಅಲ್ಲಿ ಮರಳು ಅಷ್ಟು ಕುಸಿಯುವುದಿಲ್ಲ. ಅಂದು ಮುಂದೆ ನಾನು, ಹಿಂದೆ ಅಕ್ಕನ ಗಂಡ. ಬೇಕರಿ ನಡೆಸುವ ಭಾವ, "ಇದಕ್ಕಿಂತ ನನ್ನ ಒಲೇನೇ ತಂಪು ಕಣೋ" ಎಂದು ನಗಿಸುತ್ತಲೇ ಬರುತ್ತಿದ್ದರು.

ಮೊದಲ ದೊಡ್ಡ ದಿಬ್ಬ ಇಳಿದ ಮೇಲೆ ಅವರ ಹರಟೆ ನಿಂತಿತು. ಹೆಜ್ಜೆಯ ಸದ್ದು ಮಾತ್ರ ಬರುತ್ತಿತ್ತು. ಆ ಉರಿಬಿಸಿಲಲ್ಲೂ ನನ್ನ ಕತ್ತಿನ ಹಿಂಭಾಗ ಒದ್ದೆ ಬಟ್ಟೆ ಹಾಸಿದಂತೆ ತಣ್ಣಗಿತ್ತು.

"ಭಾವ, ಇದ್ದೀರಾ ಇಲ್ವಾ?" ಎಂದೆ.

"ಇದ್ದೀನಲ್ಲೋ, ನೀನು ಓಡು."

ತಿರುಗಿದರೆ ಓಟದ ಲಯ ತಪ್ಪೀತೆಂದು ತಿರುಗಲಿಲ್ಲ. ಮತ್ತೆರಡು ಸಲ ಕೇಳಿದೆ. ಅದೇ ಮಾತು, ಅದೇ ದನಿ. ಏದುಸಿರು ಮಾತ್ರ ಇರಲಿಲ್ಲ.

ನೀರಿನ ಡೇರೆಯಲ್ಲಿ ನರ್ಸಮ್ಮ, "ಒಬ್ರೇ ಬಂದ್ರಾ?" ಎಂದಾಗಲೇ ಹಿಂದೆ ನೋಡಿದ್ದು. ಯಾರೂ ಇರಲಿಲ್ಲ.

ಭಾವ ಸಿಕ್ಕಿದ್ದು ಆ ಮೊದಲ ದಿಬ್ಬದ ಬುಡದಲ್ಲಿ. ಕುಸಿದವರು ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ. ಆಗಲೇ ಯಾರಾದರೂ ತಿರುಗಿ ನೋಡಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು.

"ಕೊನೆಗೆ ಏನಂದ್ರೋ ಅವ್ರು?" ಎಂದು ಅಕ್ಕ ಈಗಲೂ ಕೇಳುತ್ತಾಳೆ.

ನೀನು ಓಡು ಅಂದರು ಎನ್ನುತ್ತೇನೆ. ಹಾಗೆ ಅಂದದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.