ಕಿವಿಯಿದ್ದ ಟಾರ್ಪಿಡೊ

ನೀರಿಗೆ ಬಿದ್ದ ಟಾರ್ಪಿಡೊ ಮೊದಲು ಸುತ್ತಲಿನ ಸದ್ದು ಆಲಿಸಿತು. ಆಮೇಲೆ, ಶತ್ರುವಿನ ಹಡಗು ಎದುರಿಗೇ ಇದ್ದರೂ, ಗಿರ್ರನೆ ಹಿಂದಕ್ಕೆ ತಿರುಗಿತು.

ಯೆಫೀಮ್ ಲುಕಿಚ್ ಕಲ್ಲಿದ್ದಲ ಸನಿಕೆ ಕೆಳಗಿಟ್ಟ. ಕಪ್ಪು ಸಮುದ್ರದ ಮೇಲೆ ಬೆಳಗಿನ ಮಂಜು. ರಷ್ಯದ ನೌಕಾಪಡೆಯ ಪುಟ್ಟ ಹಬೆದೋಣಿ 'ಚೀಜಿಕ್'ನಲ್ಲಿ ಇದ್ದವರು ಇಬ್ಬರೇ: ಒಲೆ ನೋಡುವ ಅವನು, ಟಾರ್ಪಿಡೊಗೆ ಕಿವಿ ಕೊಟ್ಟ ವಿಜ್ಞಾನಿ ಲೆಫ್ಟಿನೆಂಟ್ ವಲೇರ್ಯಾನ್ ಗ್ಲೇಬೊವಿಚ್. ಅಲ್ಲಿಯವರೆಗೆ ಉದ್ದನೆಯ ಗಳುವಿನ ತುದಿಗೆ ಸಿಡಿಮದ್ದು ಕಟ್ಟಿಕೊಂಡು ಹೋಗಿ ಶತ್ರುವಿನ ಹಡಗಿಗೆ ತಿವಿಯಬೇಕಿತ್ತು. ಎಷ್ಟೋ ಸಲ ತಿವಿದವರೂ ಹಡಗಿನ ಜೊತೆಗೇ ಹೋಗುತ್ತಿದ್ದರು. ಅದನ್ನು ತಪ್ಪಿಸಲೆಂದೇ ಈ 'ಶ್ರವಣಯಂತ್ರ': ತಾಮ್ರದ ಎರಡು ತೆಳುಪೊರೆ, ನಡುವೆ ಸದ್ದನ್ನು ನೆನಪಿಟ್ಟುಕೊಳ್ಳುವ ಸುರುಳಿ. ಕಲಿತ ಸದ್ದು ಎಲ್ಲಿ ಕೇಳುವುದೋ ಅಲ್ಲಿಗೆ ಚುಕ್ಕಾಣಿ ತಾನೇ ತಿರುಗುತ್ತಿತ್ತು.

"ಸ್ವಾಮಿ, ನಿಮ್ಮ ಮಗು ಮನೆ ಕಡೆಗೇ ಬರ್ತಿದೆ."

"ಸಾಧ್ಯವೇ ಇಲ್ಲ, ಯೆಫೀಮ್ ಲುಕಿಚ್. ಮೂರು ತಿಂಗಳು ಉಗಿಯಂತ್ರದ ಸದ್ದು ಕೇಳಿಸಿ ಕಲಿಸಿದ್ದೀನಿ."

"ಯಾವ ಯಂತ್ರದ್ದು?"

ಲೆಫ್ಟಿನೆಂಟ್ ಯೋಚಿಸಿದ. "ಇದರದ್ದೇ. ಬೇರೆ ಯಂತ್ರ ನನಗೆ ಯಾರು ಕೊಡ್ತಿದ್ರು?"

"ದೇವರೇ! ಇಷ್ಟೆಲ್ಲ ಓದಿ ಈ ಕೆಲಸವೇ!" ಯೆಫೀಮ್ ಉಗಿಯ ಕವಾಟ ಬಿಗಿದು ಯಂತ್ರ ನಿಲ್ಲಿಸಿದ. "ಕೂತ್ಕೊಳ್ಳಿ. ಉಸಿರೂ ಎತ್ತಬೇಡಿ."

ಇಬ್ಬರೂ ಕೂತರು. ನೀರು ಸೀಳಿಕೊಂಡು ಬಂದ ಟಾರ್ಪಿಡೊ ವೇಗ ತಗ್ಗಿಸಿ, ಕೈಗೆಟುಕುವಷ್ಟು ದೂರದಲ್ಲಿ ನಿಂತಿತು.

ರಷ್ಯದವರು ದೂರ ಹೊರಡುವ ಮುನ್ನ ಒಂದು ಗಳಿಗೆ ಮಾತಿಲ್ಲದೆ ಕೂತೇ ಏಳುವುದು ರೂಢಿ. ಲೆಫ್ಟಿನೆಂಟ್ ಇದನ್ನು ಮೂಢನಂಬಿಕೆ ಎನ್ನುತ್ತಿದ್ದ. ಯೆಫೀಮ್ ಮಾತ್ರ ಹಾಗೆ ಕೂರದೆ ಎಂದೂ ಕವಾಟ ತೆರೆದವನಲ್ಲ. ಮೂರು ತಿಂಗಳು ದೋಣಿಯ ಪಕ್ಕದಲ್ಲೇ ನೇತಾಡಿದ್ದ ಟಾರ್ಪಿಡೊ ಅದನ್ನೂ ಕಲಿತಿತ್ತು: ಎಲ್ಲರೂ ಸುಮ್ಮನಾದರೆ ತಾನೂ ಸುಮ್ಮನಿರಬೇಕು, ಸದ್ದಾದರೆ ಹೊರಡಬೇಕು.

ಲೆಫ್ಟಿನೆಂಟನ ಕಣ್ಣು ಅರಳಿತು. ವಿವರಿಸಲೆಂದು ಬಾಯಿ ತೆರೆದ. ಯೆಫೀಮ್ ಆ ಬಾಯಿಗೆ ಎಣ್ಣೆಬಟ್ಟೆ ತುರುಕಿದ. ಆಮೇಲೆ ನೀರಿಗೆ ಬಾಗಿ, ದಿನಾ ಎಣ್ಣೆ ಹಚ್ಚುವಾಗ ಮಾಡುತ್ತಿದ್ದಂತೆಯೇ, ಟಾರ್ಪಿಡೊದ ಮೂತಿಯಲ್ಲಿ ಸಿಡಿಮದ್ದಿಗೆ ಕಿಡಿ ಕೊಡುವ ತಿರುಪನ್ನು ಒಂದೊಂದೇ ಸುತ್ತು ಬಿಚ್ಚಿದ. ಹನ್ನೊಂದು ಸುತ್ತು. ಒಂಬತ್ತನೆಯದರಲ್ಲಿ ಅದು ಕಿರ್ ಎಂದಿತು. ಯೆಫೀಮನ ಗಡ್ಡದಲ್ಲಿ ಅಲ್ಲಿಯವರೆಗೆ ಬಿಳಿ ಕೂದಲಿರಲಿಲ್ಲ.

ನೌಕಾಪಡೆಯವರಿಗೆ ಈ ಸುದ್ದಿ ಬಹಳ ಹಿಡಿಸಿತು. ಯಾವ ಯಂತ್ರದ ಸದ್ದಿಗೂ ಓಗೊಡುವಂತೆ ತಿದ್ದಿ ನೂರು ಟಾರ್ಪಿಡೊ ಮಾಡಿಸಿದರು. ಶತ್ರುಗಳು ನಕ್ಷೆ ಕದ್ದು, ಕೂರುವ ಪಾಠವನ್ನೂ ಬಿಡದೆ, ಇನ್ನೂರು ಮಾಡಿಸಿದರು. ಮುಂದಿನ ಬೇಸಿಗೆಯಲ್ಲಿ ಎರಡೂ ಪಡೆಗಳು ಎದುರಾಗಿ ಎಲ್ಲವನ್ನೂ ನೀರಿಗೆ ಬಿಟ್ಟವು. ಸದ್ದು ಮಾಡಿದವರ ಮೇಲೇ ಅವು ಬರುವುದರಿಂದ ತಕ್ಷಣ ಎಲ್ಲ ಯಂತ್ರಗಳೂ ನಿಂತವು. ಎಲ್ಲರೂ ಕೂತರು. ನಡುವೆ ಮುನ್ನೂರು ಟಾರ್ಪಿಡೊಗಳೂ ಕೂತವು.

ಮೊದಲು ಏಳುವವರು ಯಾರು?

ಮೂರನೆಯ ದಿನ ಎದುರಿನ ಹಡಗಿನಿಂದ ಒಂದು ಪುಟ್ಟ ಹಲಗೆ ತೇಲುತ್ತ 'ಚೀಜಿಕ್' ಬಳಿಗೆ ಬಂತು. ಅದರ ಮೇಲೆ ಒಂದು ಲೋಟ ಚಹಾ, ಪಕ್ಕದಲ್ಲಿ ಸಕ್ಕರೆ. ಯೆಫೀಮ್ ಸಕ್ಕರೆ ಹಾಕಿಕೊಂಡು, ಟಣ್ ಎನ್ನುವ ಚಮಚ ಮುಟ್ಟದೆ, ಬೆರಳಿನಲ್ಲಿ ಕದಡಿದ.